ಸೈಕಲ್ಲಿಗೊಂದು ಸೂರು

ಇವರನ್ನು ಏನಾದರೂ ಕೇಳಿದರೆ ಉತ್ತರ ಹೇಳುವುದಿಲ್ಲ, ಮೊದಲು ತೂಗುತ್ತಾರೆ. ಮದುವೆಯಾದ ಹೊಸತರಲ್ಲೇ ನನಗಿದು ಗೊತ್ತಾಯಿತು. ಚಹಾಕ್ಕೆ ಸಕ್ಕರೆ ಎಷ್ಟು ಹಾಕಲಿ ಅಂತ ಕೇಳಿದೆ. ಚಮಚ ಯಾವುದು ಅಂದರು. ತೋರಿಸಿದೆ. ತಲೆ ತುಂಬಿಯೋ ಮಟ್ಟಸವಾಗಿಯೋ ಅಂದರು. ಅಷ್ಟರಲ್ಲಿ ಚಹಾ ಆರಿತ್ತು. ಅಂದಿನಿಂದ ನಾನೇ ಕೈಗೆ ಬಂದಷ್ಟು ಹಾಕುತ್ತೇನೆ, ಅವರೂ ತುಟಿಪಿಟಕ್ಕೆನ್ನದೆ ಕುಡಿಯುತ್ತಾರೆ.

ತಪ್ಪು ಪೂರ್ತಿ ಅವರದಲ್ಲ ಬಿಡಿ. ಕೆಲಸವೇ ಅಂಥದ್ದು. ತೂಕ ಮತ್ತು ಅಳತೆಯ ಇಲಾಖೆ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಸರಿಯಿದೆಯೇ ನೋಡಿ ಮುದ್ರೆ ಒತ್ತಬೇಕು. ಇವರು ಬೀದಿಯಲ್ಲಿ ಸುಮ್ಮನೆ ನಡೆದುಹೋದರೂ ಸಾಕು, ಅಂಗಡಿಯವರ ಬೆರಳು ತಟ್ಟೆಯ ಅಂಚಿನಿಂದ ತಾನಾಗಿ ಮೇಲೇಳುತ್ತದೆ. ಊರಿಗೆಲ್ಲ ಇವರು ‘ತಕ್ಕಡಿಯವರು’. ನಾನು ತಕ್ಕಡಿಯವರ ಹೆಂಡತಿ.

ಇಲಾಖೆಗೆ ಕರೆಂಟಿನ ತೂಕದ ಯಂತ್ರಗಳು ಬಂದಾಗ ಹಳೆಯವನ್ನೆಲ್ಲ ಗುಜರಿಗೆ ಹಾಕಲು ಹೊರಟರಂತೆ. ಇವರಿಗೆ ಕರುಳು ಚುರುಕ್ ಅಂದಿತು. ಇಷ್ಟು ವರ್ಷ ಸುಳ್ಳು ಹೇಳದ ವಸ್ತುಗಳನ್ನು ಗುಜರಿಗೆ ಹಾಕುವುದು ಯಾವ ನ್ಯಾಯ ಎಂದು ಮೇಲಿನವರ ಅಪ್ಪಣೆ ಪಡೆದು ಮನೆಗೆ ಸಾಗಿಸಿದರು. ಅವತ್ತಿನಿಂದ ನಮ್ಮ ಮುಂದಿನ ಕೋಣೆ ಕೋಣೆಯಾಗಿ ಉಳಿಯಲಿಲ್ಲ. ಗೋಡೆಗೆ ತೂಗುಹಾಕಿದ ತಕ್ಕಡಿಗಳು, ಮೂಲೆಯಲ್ಲಿ ಮೂಟೆ ತೂಗುವ ದೊಡ್ಡ ಯಂತ್ರ, ಕಾಲಿಟ್ಟಲ್ಲೆಲ್ಲ ತೂಕಕ್ಕಿಡುವ ಕಬ್ಬಿಣದ ಬಟ್ಟುಗಳು. ಬಂದ ನೆಂಟರಿಗೆ ಕೂರಲು ಆ ದೊಡ್ಡ ಯಂತ್ರವೇ ಗತಿ. ಅವರು ಚಹಾ ಕುಡಿದು ಎದ್ದು ಹೋದ ಮೇಲೆ ಇವರು ಮುಳ್ಳು ನಿಂತ ಜಾಗ ನೆನಪಿಟ್ಟುಕೊಂಡು, ನಿಮ್ಮ ಚಿಕ್ಕಪ್ಪ ಸೊರಗಿದ್ದಾರೆ ಅಂತ ಹೇಳುತ್ತಿದ್ದರು.

ಇವರಿಗೆ ಒಬ್ಬಳೇ ಅಕ್ಕ. ನಾನು ಅವರನ್ನು ಅತ್ತಿಗೆ ಅನ್ನುತ್ತೇನೆ. ದೊಡ್ಡಾಸ್ಪತ್ರೆಯ ಹೆಡ್ ನರ್ಸ್ ಆಗಿದ್ದವರು, ಮದುವೆ ಮಾಡಿಕೊಳ್ಳಲಿಲ್ಲ, ಇಡೀ ಬದುಕನ್ನು ಆಸ್ಪತ್ರೆಯ ವಸತಿಗೃಹದ ಒಂದು ಕೋಣೆಯಲ್ಲಿ ಕಳೆದರು. ನಿವೃತ್ತಿಯಾದ ಮೇಲೂ ಅಲ್ಲಿರಲು ಬಿಟ್ಟಿದ್ದರು. ಈಗ ಆ ಕಟ್ಟಡ ಕೆಡವುತ್ತಾರೆ, ತಿಂಗಳ ಕೊನೆಯೊಳಗೆ ಕೋಣೆ ಬಿಡಬೇಕು. ಅತ್ತಿಗೆ ಯಾರ ಹತ್ತಿರವೂ ಏನೂ ಕೇಳುವವರಲ್ಲ. ಎಲ್ಲೋ ದೂರದಲ್ಲಿ ನಿವೃತ್ತ ದಾದಿಯರಿಗಾಗಿ ಒಂದು ನಿವಾಸ ಇದೆಯಂತೆ, ಒಂದು ಕೋಣೆಗೆ ನಾಲ್ಕು ಜನ, ಅಲ್ಲಿಗೆ ಒಪ್ಪಿಗೆ ಬರೆದು ಕಳಿಸುತ್ತೇನೆ ಅಂತ ಮಳೆ ಬರಬಹುದು ಎನ್ನುವಷ್ಟು ಸಲೀಸಾಗಿ ಹೇಳಿದರು.

ನಾಲ್ಕು ಜನರ ಕೋಣೆಯಲ್ಲಿ ಈ ಹೆಂಗಸು ಇರುವುದುಂಟೆ? ನಮ್ಮ ಮನೆಗೆ ಬಂದಾಗಲೆಲ್ಲ ಮೊದಲು ನಮ್ಮ ಮಂಚವನ್ನು ಗೋಡೆಯಿಂದ ಎಳೆಸುವವರು ಅವರು. ಮಂಚದ ಮೂರು ಕಡೆ ಓಡಾಡುವಷ್ಟು ಜಾಗ ಇರಬೇಕು, ಇಲ್ಲದಿದ್ದರೆ ಕಾಯಿಲೆಯವರನ್ನು ಎತ್ತುವವರು ಎಲ್ಲಿ ನಿಲ್ಲಬೇಕು ಅನ್ನುತ್ತಾರೆ. ಮನೆಯಲ್ಲಿ ಯಾರಿಗೂ ಕಾಯಿಲೆ ಇಲ್ಲ ಅಂದರೆ, ಬರುತ್ತದೆ, ಅವಸರವೇಕೆ ಅನ್ನುತ್ತಾರೆ. ಇಂಥವರನ್ನು ಅಷ್ಟು ದೂರ ಕಳಿಸಲು ನನಗೆ ಮನಸ್ಸಿಲ್ಲ. ನಮ್ಮಲ್ಲಿಗೇ ಬನ್ನಿ ಅಂತ ನಾನೇ ಬಾಯಿಬಿಟ್ಟು ಕರೆದೆ. ಅತ್ತಿಗೆ ಮುಂದಿನ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿ ನಕ್ಕರು.

"ಇಲ್ಲಿ ತಕ್ಕಡಿಗಳಿಗೇ ಉಸಿರಾಡೋಕೆ ಜಾಗ ಇಲ್ಲ. ನಾನೆಲ್ಲಿರ್ಲಿ ಕಣೇ? ಅವೆಲ್ಲ ಅವನ ಜೀವ. ನನಗೋಸ್ಕರ ಯಾವುದನ್ನೂ ಅಲುಗಾಡಿಸಬೇಡಿ, ನನಗಾಗಲ್ಲ" ಅಂದು ಚೀಲ ಎತ್ತಿಕೊಂಡು ಹೊರಟೇಬಿಟ್ಟರು. ಇವರು ಅಲ್ಲೇ ಇದ್ದರು. ಒಂದು ಬಟ್ಟು ಕೈಯಲ್ಲಿ ಹಿಡಿದು ಅದರ ಮೇಲಿನ ಧೂಳು ಒರೆಸುತ್ತಾ ನಿಂತಿದ್ದರು.

ಮಾರನೆಯ ದಿನ ಬೆಳಗ್ಗೆ ಇವರು ಒಂದು ವಿಷಯ ಘೋಷಿಸಿದರು. ಹಿತ್ತಲಲ್ಲಿ ಒಂದು ಶೆಡ್ ಕಟ್ಟಿಸುವುದಂತೆ. ಯಾತಕ್ಕೆ ಅಂದೆ.

"ಸೈಕಲ್ಲಿಗೆ" ಅಂದರು.

ನನಗೆ ಮೈ ಉರಿದುಹೋಯಿತು. ಒಡಹುಟ್ಟಿದವಳಿಗೆ ತಲೆಯ ಮೇಲೆ ಸೂರಿಲ್ಲ, ಈ ಮನುಷ್ಯನಿಗೆ ಸೈಕಲ್ಲು ನೆನೆಯುವುದರ ಚಿಂತೆ. ಅದೂ ಎಂಥ ಸೈಕಲ್ಲು? ಕಳ್ಳರು ಒಂದು ಸಲ ಒಯ್ದು, ಬೀದಿಯ ಕೊನೆಯವರೆಗೆ ತುಳಿದು, ಅಲ್ಲೇ ಒರಗಿಸಿ ಹೋಗಿದ್ದ ಸೈಕಲ್ಲು. ನಾನು ಒಂದು ಮಾತೂ ಆಡದೆ ಪಾತ್ರೆಗಳ ಮೂಲಕ ನನ್ನ ಅಭಿಪ್ರಾಯ ತಿಳಿಸಿದೆ. ಇವರು ಅಳತೆ ಟೇಪು ಹಿಡಿದು ಹಿತ್ತಲಿಗೆ ಹೋದರು.

ಗೋಡೆಗಳು ಬೇಗ ಎದ್ದವು. ಮುಂದಿನದು ಎತ್ತರ, ಹಿಂದಿನದು ಗಿಡ್ಡ, ನೀರು ಇಳಿದು ಹೋಗಲಿ ಅಂತ. ಒಂದು ಗೋಡೆಯಿಂದ ಇನ್ನೊಂದಕ್ಕೆ ಎಂಟಡಿ. ಇನ್ನುಳಿದದ್ದು ಚಾವಣಿ. ಗೋಡೆಯಿಂದ ಗೋಡೆಗೆ ಮರದ ಜಂತೆಗಳನ್ನು ಸಾಲಾಗಿ ಇಟ್ಟು, ಮೇಲೆ ತಗಡು ಹೊಡೆದರೆ ಮುಗಿಯಿತು. ಹಾಗಂತ ನಾವೆಲ್ಲ ಅಂದುಕೊಂಡಿದ್ದೆವು.

ಮರದ ಅಂಗಡಿಗೆ ನಾನೂ ಹೋಗಿದ್ದೆ, ಇವರು ಒಬ್ಬರೇ ಹೋದರೆ ಮರ ತರುವ ಬದಲು ಅಂಗಡಿಯವನ ತಕ್ಕಡಿಗೆ ಮುದ್ರೆ ಒತ್ತಿ ಬರುತ್ತಾರೆ ಅಂತ. ಅಂಗಡಿಯಾತ ಕೂತಲ್ಲಿಂದ ಏಳದೆ ಕೇಳಿದ, "ಮೇಲೇನು ಬರುತ್ತೆ ಸಾರ್?"

ತಗಡೋ ಹೆಂಚೋ ಅಂತ ಅವನ ಪ್ರಶ್ನೆ. ನನಗೂ ಅರ್ಥವಾಯಿತು, ಅಲ್ಲಿ ಮರ ಕೊಯ್ಯುತ್ತಿದ್ದವನಿಗೂ ಅರ್ಥವಾಯಿತು. ಇವರೊಬ್ಬರು ಮಾತ್ರ ತುಂಬ ಹೊತ್ತು ಯೋಚಿಸಿ, "ವಿಚಾರಿಸಿ ಹೇಳ್ತೀನಿ" ಅಂದರು. ತಗಡಿಗಾದರೆ ನಾಲ್ಕಿಂಚು ಎತ್ತರ, ಎರಡಿಂಚು ದಪ್ಪದ ಜಂತೆ, ಎರಡಡಿಗೊಂದರಂತೆ ಹಾಕಿದರೆ ಧಾರಾಳ ಎಂದು ಅಂಗಡಿಯಾತ ಹಿಂದಿನಿಂದ ಕೂಗಿ ಹೇಳಿದ. ಅಷ್ಟರಲ್ಲಿ ಇವರು ಬೀದಿ ದಾಟಿದ್ದರು.

ವಿಚಾರಣೆ ನನ್ನಿಂದಲೇ ಶುರುವಾಯಿತು. ಆ ಚಾವಣಿಯ ಮೇಲೆ ನಾನು ಏನೇನು ಇಡಬಹುದು? ಏನೂ ಇಡುವುದಿಲ್ಲ ಅಂದೆ. ಚೆನ್ನಾಗಿ ಯೋಚಿಸು ಅಂದರು. ಬೇಸರಕ್ಕೆ, ಒಂದು ಕಂಬಳಿ ಒಣಹಾಕಬಹುದು ಅಂದುಬಿಟ್ಟೆ. ಆಮೇಲೆ ನೋಡಿದರೆ ಮನೆಯಲ್ಲಿದ್ದ ಅತಿ ದಪ್ಪನೆಯ ಕಂಬಳಿ ನೀರಿನ ತೊಟ್ಟಿಯಲ್ಲಿ ಮುಳುಗಿದೆ. ಒಣ ಕಂಬಳಿಗೂ ನೆಂದ ಕಂಬಳಿಗೂ ಎಷ್ಟು ವ್ಯತ್ಯಾಸ ಅಂತ ನನ್ನನ್ನು ಕರೆದು ತೋರಿಸಿ, ಇದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ ನೋಡು ಅಂತ ಹೆಮ್ಮೆಪಟ್ಟರು. ಆ ಕಂಬಳಿ ಒಣಗುವ ಹೊತ್ತಿಗೆ ನನ್ನ ಸಿಟ್ಟು ಇನ್ನೂ ಒಣಗಿರಲಿಲ್ಲ.

ಹಿಂದಿನ ಮನೆಯಾಕೆಗೆ ಒಂದು ಬೆಕ್ಕಿದೆ. ಬೆಕ್ಕು ನಿಮ್ಮ ಮಾತು ಕೇಳುತ್ತದೆಯೇ, ಅಥವಾ ನಮ್ಮ ಚಾವಣಿ ಹತ್ತುತ್ತದೆಯೇ ಅಂತ ಇವರು ಕೇಳಿದರು. ಆಕೆ ಹೇಗೆ ಉತ್ತರಿಸಿಯಾಳು? ಹತ್ತಿದರೂ ಹತ್ತಬಹುದು ಅಂದಳು. ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿ ತೂಗಿದರು. ಅದು ಅರ್ಧ ತೂಕಕ್ಕೆ ಹಾರಿ ಓಡಿತು. ಇನ್ನರ್ಧವನ್ನು ಇವರು ಅಂದಾಜಿನಲ್ಲಿ ಹಾಕಿಕೊಂಡರು. ಆಕೆಗೆ ಏನೆನ್ನಿಸಿತೋ, ನಮ್ಮ ಬೆಕ್ಕು ಈಗ ಒಂಟಿ ಜೀವ ಅಲ್ಲ, ಇನ್ನು ಸ್ವಲ್ಪ ದಿನಕ್ಕೆ ಮರಿ ಹಾಕುತ್ತದೆ ಎಂದಳು. ಇವರು ಮರಿಗಳನ್ನೂ ಸೇರಿಸಿದರು, ಅವು ಬೆಳೆದು ದೊಡ್ಡವಾದ ಮೇಲಿನ ತೂಕದಲ್ಲಿ.

ಪಕ್ಕದ ಮನೆಯ ಮೇಷ್ಟ್ರದು ಬೇರೆ ಕಥೆ. ಅವರ ಮರದ ಒಂದು ಕೊಂಬೆ ನಮ್ಮ ಹಿತ್ತಲ ಕಡೆ ಚಾಚಿಕೊಂಡಿದೆ. ಅದು ಬಿದ್ದರೆ ಎಷ್ಟು ಭಾರ ಇರಬಹುದು ಅಂತ ಇವರು ಬಹಳ ವಿನಯದಿಂದ ವಿಚಾರಿಸಿದರು. ಮೇಷ್ಟ್ರ ಮುಖ ಕೆಂಪೇರಿತು. ತಮ್ಮ ಮರ ಯಾಕೆ ಬೀಳಬೇಕು, ಬೀಳುತ್ತದೆ ಅಂತ ಯಾರು ಹೇಳಿದರು, ಅವರಪ್ಪ ನೆಟ್ಟ ಮರದ ಬಗ್ಗೆ ಹಗುರವಾಗಿ ಮಾತಾಡಬಾರದು ಎಂದು ಬಾಗಿಲು ಹಾಕಿಕೊಂಡರು. ಸಂಜೆ ತಾವೇ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ, ಮರ ಬೀಳುವುದಿಲ್ಲ, ಒಂದು ವೇಳೆ ಬಿದ್ದರೆ ನಿಮ್ಮ ಚಾವಣಿ ತಡೆಯುವುದಿಲ್ಲ, ಅದು ಅಂಥ ಇಂಥ ಮರವಲ್ಲ ಎಂದರು. ಹಗುರವಾಗಿ ಮಾತಾಡಬೇಡಿ ಅಂದದ್ದು ಇದಕ್ಕೇ ಇರಬೇಕು. ಇವರು ಕೊಂಬೆಯ ಭಾರವನ್ನು ದುಪ್ಪಟ್ಟು ಮಾಡಿಕೊಂಡರು, ಮೇಷ್ಟ್ರಿಗೆ ಸಮಾಧಾನವಾಯಿತು.

ನೆಂದ ಕಂಬಳಿ, ಬೆಕ್ಕು, ಬೆಕ್ಕಿನ ಸಂಸಾರ, ಮೇಷ್ಟ್ರ ಮರ, ಜತೆಗೆ ಆಲಿಕಲ್ಲು. ಇವೆಲ್ಲ ಬಿಡಿಬಿಡಿಯಾಗಿ ಬರುವುದಾದರೆ ಪರವಾಗಿಲ್ಲ. ಒಂದೇ ಸಲಕ್ಕೆ ಬಂದರೆ? ಇದು ಇವರ ಪ್ರಶ್ನೆ. ಆಲಿಕಲ್ಲು ಬೀಳುವಾಗ ಯಾರಾದರೂ ಕಂಬಳಿ ಒಣಹಾಕುತ್ತಾರೆಯೇ ಅಂತ ನಾನು ಕೇಳಲಿಲ್ಲ. ನನಗೆ ಕೇಳಬೇಕಾಗಿದ್ದುದು ಒಂದೇ. ಊಟಕ್ಕೆ ಕೂತಾಗ ಕೇಳಿಯೂ ಬಿಟ್ಟೆ.

"ರೀ, ನಿಮ್ಮಕ್ಕನ ವಿಷಯ ಏನು ಮಾಡಿದ್ರಿ?"

ಇವರು ನನ್ನ ಮುಖ ನೋಡಲಿಲ್ಲ. ಮದುವೆಯಾಗಿ ಹೋದ ನಮ್ಮ ಮಗಳು ಬಿಟ್ಟುಹೋದ ಸ್ಕೂಲಿನ ಮರದ ಅಳತೆ ಪಟ್ಟಿಯನ್ನು ಎರಡು ಲೋಟಗಳ ಮೇಲೆ ಮಲಗಿಸಿ ನಡುವೆ ಬೆರಳಿನಿಂದ ಒತ್ತಿದರು. ಅದು ಬಾಗಿತು. ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಒತ್ತಿದರು. ಬಾಗಲಿಲ್ಲ.

"ನೋಡಿದೆಯಾ? ಅದೇ ಮರ, ಅದೇ ತೂಕ. ಹೇಗಿಡ್ತೀವಿ ಅನ್ನೋದರ ಮೇಲೆ ಹೋಗುತ್ತೆ" ಅಂದರು.

ನಾನು ತಟ್ಟೆ ಎತ್ತಿಕೊಂಡು ಎದ್ದುಹೋದೆ. ಈ ಮನುಷ್ಯನಿಗೆ ಹೃದಯ ಇರಬೇಕಾದ ಜಾಗದಲ್ಲಿ ಏನಿದೆಯೋ, ಅದನ್ನೂ ಒಮ್ಮೆ ತೂಗಿ ನೋಡಬೇಕು ಅನ್ನಿಸಿತು. ಅವತ್ತು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತೆ, ಅದನ್ನೇನೂ ಮುಚ್ಚಿಡುವುದಿಲ್ಲ.

ಕೊನೆಗೆ ಬಂದದ್ದು ಎಂಟಿಂಚು ಎತ್ತರ, ಮೂರಿಂಚು ದಪ್ಪದ ಜಂತೆಗಳು, ಗೇಣಿಗೊಂದು. ಗಾಡಿಯಿಂದ ಮರ ಇಳಿಯುವಾಗ ಬೀದಿಯೇ ಬಾಗಿಲಿಗೆ ಬಂದು ನಿಂತಿತು. ಬಡಗಿ ಮರ ನೋಡಿದ, ಗೋಡೆ ನೋಡಿದ, ಇವರ ಮುಖ ನೋಡಿದ. ಇದರ ಮೇಲೆ ರೈಲು ಓಡಿಸುತ್ತೀರೋ ಎಂದು ಕೇಳಿದ. ಇವರು ಗಂಭೀರವಾಗಿ, ರೈಲಿನ ಪ್ರಶ್ನೆ ಬಂದಿಲ್ಲ ಅಂದರು. ಎರಡು ಜಂತೆಗಳ ನಡುವೆ ಸುತ್ತಿಗೆ ಬೀಸಲು ಜಾಗವಿಲ್ಲ, ಮೊಳೆ ಹೊಡೆಯುವುದು ಹೇಗೆ ಎಂದು ಬಡಗಿ ತಕರಾರು ತೆಗೆದ. ಕೂತು ಬೀಡಿ ಸೇದಿದ. ಎದ್ದು ಇನ್ನೊಮ್ಮೆ ತಕರಾರು ತೆಗೆದ. ಆಮೇಲೆ ಸುತ್ತಿಗೆಯನ್ನು ಮೊಟಕಾಗಿ ಹಿಡಿದು, ಬಾಗಿಲು ತಟ್ಟುವವನಂತೆ ಟಕ್ ಟಕ್ ಎನ್ನುತ್ತಾ ವಾರವಿಡೀ ಹೊಡೆದ.

ಜಂತೆಗಳೆಲ್ಲ ಕೂತ ಮೇಲೆ ಇವರಿಗೆ ಪರೀಕ್ಷೆಯಾಗದೆ ತಗಡು ಹೊಡೆಸಲು ಮನಸ್ಸಿಲ್ಲ. ಮುದ್ರೆ ಒತ್ತುವ ಮುಂಚೆ ಭಾರ ಹಾಕಿ ನೋಡಲೇಬೇಕು, ಅದು ಕಸುಬಿನ ಧರ್ಮ. ಮೊದಲು ಬಡಗಿಯನ್ನು ಮೇಲೆ ಕೂರಿಸಿದರು. ಆಮೇಲೆ ಮೇಷ್ಟ್ರನ್ನು ಕರೆದರು, ಮೇಷ್ಟ್ರು ಪೇಪರು ಹಿಡಿದುಕೊಂಡೇ ಏಣಿ ಹತ್ತಿದರು. ಹಿಂದಿನ ಮನೆಯಾಕೆ ತಾನು ಹತ್ತುವುದಿಲ್ಲ, ಬೇಕಾದರೆ ಬೆಕ್ಕನ್ನು ಕಳಿಸುತ್ತೇನೆ ಅಂದಳು. ಜಂತೆಯ ಕೆಳಗೆ ಒಂದು ದಾರ ಬಿಗಿದು, ಮರ ದಾರಕ್ಕೆ ಎಷ್ಟು ಹತ್ತಿರ ಬಂತು ಅಂತ ಇವರು ಕೆಳಗಿಂದ ಕಣ್ಣು ಕಿರಿದು ಮಾಡಿ ನೋಡಿದರು. ಮರ ಅಲುಗಲೂ ಇಲ್ಲ. ಮೇಷ್ಟ್ರಿಗೆ ಅಲ್ಲಿನ ಗಾಳಿ ಹಿಡಿಸಿ, ಪೇಪರು ಪೂರ್ತಿ ಓದಿಯೇ ಇಳಿದರು.

ಜನರ ಭಾರ ಸಾಲಲಿಲ್ಲವಂತೆ. ಮುಂದಿನ ಕೋಣೆಯಿಂದ ಬಟ್ಟುಗಳು ಹೊರಟವು. ಬಟ್ಟುಗಳ ಹಿಂದೆ ತಕ್ಕಡಿಗಳು. ತಕ್ಕಡಿಗಳ ಹಿಂದೆ, ಬಡಗಿ ಮತ್ತು ಅವನ ಅಣ್ಣತಮ್ಮಂದಿರ ಹೆಗಲ ಮೇಲೆ, ಆ ದೊಡ್ಡ ಯಂತ್ರ. ಎಲ್ಲ ಚಾವಣಿಯ ಮೇಲೆ ಹತ್ತಿ, ಜಾರದಂತೆ ಹಗ್ಗದಿಂದ ಕಟ್ಟಿಸಿಕೊಂಡು ಕೂತವು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅಯ್ಯೋ ದೇವರೇ, ಈ ಮನುಷ್ಯನ ತಲೆ ಪೂರ್ತಿ ಕೆಟ್ಟಿತು ಅಂದುಕೊಂಡೆ. ಇದು ಆದದ್ದು ತಿಂಗಳು ಮುಗಿಯುವ ಹೊತ್ತಿಗೆ.

ಬೀದಿಯಲ್ಲಿ ಅಷ್ಟರಲ್ಲಿ ಒಂದು ಸುದ್ದಿ ಹುಟ್ಟಿ, ನಡೆದಾಡಲು ಕಲಿತು, ಓಡುತ್ತಿತ್ತು. ಇಷ್ಟು ದಪ್ಪದ ಮರ ಸೈಕಲ್ಲಿಗೆ ಯಾರೂ ಹಾಕುವುದಿಲ್ಲ. ತಕ್ಕಡಿಯವರು ಮೇಲೆ ಮಹಡಿ ಎತ್ತುತ್ತಿದ್ದಾರೆ. ಯಾರಿಗೆ? ಅಕ್ಕನಿಗೆ. ಪಾಪ, ಇರುವ ಉಳಿತಾಯವನ್ನೆಲ್ಲ ಸುರಿಯುತ್ತಿದ್ದಾರೆ. ಇದನ್ನು ಮೊದಲು ಹೇಳಿದ್ದು ಇಸ್ತ್ರಿಯವನೋ ಮೇಷ್ಟ್ರೋ ಇವತ್ತಿಗೂ ತೀರ್ಮಾನವಾಗಿಲ್ಲ, ಇಬ್ಬರೂ ಆ ಗೌರವವನ್ನು ಬಿಟ್ಟುಕೊಟ್ಟಿಲ್ಲ. ಹಿಂದಿನ ಮನೆಯಾಕೆ ರಕ್ತದೊತ್ತಡ ತೋರಿಸಿಕೊಳ್ಳಲು ದೊಡ್ಡಾಸ್ಪತ್ರೆಗೆ ಹೋದವಳು ಸುದ್ದಿಯನ್ನು ಅಲ್ಲಿಗೂ ಮುಟ್ಟಿಸಿದಳು. ಕಟ್ಟಡಗಳ ಪರವಾನಗಿ ಕಚೇರಿಗೆ ಯಾರು ಮುಟ್ಟಿಸಿದರೋ ಗೊತ್ತಿಲ್ಲ.

ಹಾಗಾಗಿ ಚಾವಣಿಯ ಮೇಲೆ ತಕ್ಕಡಿಗಳು ಬಿಸಿಲು ಕಾಯಿಸುತ್ತಿದ್ದ ಆ ಬೆಳಗ್ಗೆ ನಮ್ಮ ಹಿತ್ತಲಿಗೆ ಇಬ್ಬರು ಒಟ್ಟಿಗೇ ಬಂದರು. ಒಬ್ಬರು ಪರವಾನಗಿ ಕಚೇರಿಯ ಅಧಿಕಾರಿ, ಕಂಕುಳಲ್ಲಿ ಚರ್ಮದ ಚೀಲ. ಇನ್ನೊಬ್ಬರು ಅತ್ತಿಗೆ. ಅತ್ತಿಗೆಯ ಮುಖ ನೋಡಿದರೆ ವಾರ್ಡಿನಲ್ಲಿ ಯಾರೋ ಔಷಧಿ ಕುಡಿಯದೆ ಕಿಟಕಿಯಿಂದ ಚೆಲ್ಲಿದ್ದನ್ನು ಕಂಡುಹಿಡಿದವರ ಹಾಗಿತ್ತು.

ಅಧಿಕಾರಿ ಮೊದಲು ಶುರುಮಾಡಿದರು. ಶೆಡ್ಡಿಗೆ ಅನುಮತಿ ಬೇಡ. ಆದರೆ ಇದು ಶೆಡ್ ಅಲ್ಲ. ಈ ಮರಗಳು ಚಾವಣಿಯ ಮರಗಳಲ್ಲ, ಮಹಡಿಯ ನೆಲ ಹೊರುವ ಮರಗಳು. ಮೇಲೆ ವಾಸಕ್ಕೆ ಕೋಣೆ ಬರುವುದು ಸ್ಪಷ್ಟವಾಗಿದೆ, ಸಾಮಾನು ಸರಂಜಾಮು ಆಗಲೇ ಬಂದಿದೆ ಎಂದು ಮೇಲಿದ್ದ ಯಂತ್ರದ ಕಡೆ ಕೈತೋರಿಸಿದರು. ಕಾಂಪೌಂಡಿನ ಉದ್ದಕ್ಕೂ ತಲೆಗಳು ಎದ್ದಿದ್ದವು. ಯಾರ ವಾಸಕ್ಕೆ ಕಟ್ಟುತ್ತಿದ್ದೀರಿ ಎಂದು ಅಧಿಕಾರಿ ಕೇಳಿದರು.

ಇವರು ಬಾಯಿ ತೆರೆಯುವ ಮುಂಚೆ ಅತ್ತಿಗೆ ನುಗ್ಗಿದರು. "ನಾನು ಏನು ಹೇಳಿದ್ದೆ ನಿನಗೆ? ನನಗೋಸ್ಕರ ಒಂದು ಕಡ್ಡಿ ಅಲುಗಾಡಿಸಬೇಡ ಅಂದಿದ್ದೆನೋ ಇಲ್ವೋ? ನೀನು ಮಹಡಿ ಕಟ್ಟಿಸ್ತಿದೀಯಂತೆ. ಯಾರು ಕೇಳಿದ್ರು ನಿನ್ನ ಮಹಡಿ? ಇವತ್ತೇ ಒಪ್ಪಿಗೆ ಬರೆದು ಹಾಕ್ತೀನಿ, ನಾಳೆ ಹೊರಡ್ತೀನಿ."

ಇವರ ಕಿವಿಗಳು ಕೆಂಪಗಾದವು. ಇವರು ಸುಳ್ಳು ಹೇಳುವಾಗ ಮಾತ್ರ ಹಾಗಾಗುತ್ತದೆ, ಅದನ್ನು ಅಕ್ಕನೂ ಬಲ್ಲರು, ನಾನೂ ಬಲ್ಲೆ.

"ನಿನಗಲ್ಲ ಅಕ್ಕ. ಸೈಕಲ್ಲಿಗೆ" ಅಂದರು.

ಸೈಕಲ್ಲಿನ ತೂಕ ಎಷ್ಟು ಎಂದು ಅಧಿಕಾರಿ ಕೇಳಿದರು. ಇವರು ಗ್ರಾಮಿನ ಲೆಕ್ಕದಲ್ಲಿ ಹೇಳಿದರು, ಪಂಪು ಬಿಟ್ಟು. ಅದು ಚಾವಣಿಯ ಕೆಳಗಿರುತ್ತದೋ ಮೇಲಿರುತ್ತದೋ ಎಂದು ಅಧಿಕಾರಿ ಕೇಳಿದರು. ಕೆಳಗೆ ಅಂದರು. ಹಾಗಾದರೆ ಮೇಲೆ ಏನು ಬರುತ್ತದೆ? ಮರದ ಅಂಗಡಿಯಾತ ಕೇಳಿದ ಅದೇ ಪ್ರಶ್ನೆ. ಇವರ ಹತ್ತಿರ ಉತ್ತರ ಸಿದ್ಧವಿತ್ತು. ಕಂಬಳಿ, ಬೆಕ್ಕು, ಮೂರೋ ನಾಲ್ಕೋ ಮರಿಗಳು, ಮೇಷ್ಟ್ರ ಮರ ಎಂದು ಒಂದೊಂದಾಗಿ ಹೇಳತೊಡಗಿದರು. ಅಧಿಕಾರಿ ಬರೆದುಕೊಳ್ಳಲು ಪೆನ್ನು ತೆಗೆದವರು ಮರಿಗಳ ಹೊತ್ತಿಗೆ ಪೆನ್ನು ಜೇಬಿಗಿಟ್ಟರು. ನನ್ನ ಮರ ಬೀಳುವುದಿಲ್ಲ ಎಂದು ಕಾಂಪೌಂಡಿನ ಆಚೆಯಿಂದ ಮೇಷ್ಟ್ರು ಸ್ಪಷ್ಟಪಡಿಸಿದರು.

ಅತ್ತಿಗೆ ಮಾತ್ರ ಇದ್ಯಾವುದನ್ನೂ ಕೇಳುತ್ತಿರಲಿಲ್ಲ. ಹಿಂದೆ ಸರಿದು, ಮುಂದಿನ ಗೋಡೆಯ ಎತ್ತರ ನೋಡಿದರು, ಹಿಂದಿನ ಗೋಡೆಯ ಗಿಡ್ಡತನ ನೋಡಿದರು, ಹಗ್ಗದಲ್ಲಿ ಬಿಗಿಸಿಕೊಂಡು ವಾಲಿ ಕೂತಿದ್ದ ದೊಡ್ಡ ಯಂತ್ರವನ್ನು ನೋಡಿದರು. ಅಷ್ಟು ದಿನ ಇಡೀ ಬೀದಿಗೆ, ಒಂದು ಕಚೇರಿಗೆ, ಓದಿದ ಮೇಷ್ಟ್ರಿಗೆ, ನನಗೂ ಹೊಳೆಯದೇ ಇದ್ದುದು ಅವರಿಗೆ ಹೊಳೆಯಿತು.

"ಇದು ಇಳಿಜಾರು ಅಲ್ವೇನೋ?" ಅಂದರು. "ಇದರ ಮೇಲೆ ನನ್ನ ಮಂಚ ಹಾಕಿದ್ರೆ ಬೆಳಗಾಗೋದರೊಳಗೆ ನಾನು ಹಿಂದಿನ ಮನೆ ಅಂಗಳದಲ್ಲಿರ್ತೀನಿ."

ಯಾರೋ ಕಿಸಕ್ಕೆಂದರು. ಕಾಂಪೌಂಡಿನ ಮೇಲಿದ್ದ ತಲೆಗಳು ಒಂದೊಂದಾಗಿ ಇಳಿದವು. ಅಧಿಕಾರಿ ಒಮ್ಮೆ ಕತ್ತು ವಾರೆ ಮಾಡಿ ಚಾವಣಿ ನೋಡಿ, ಚೀಲದ ಬಾಯಿ ಮುಚ್ಚಿ, ಇಳಿಜಾರಿನ ಮೇಲೆ ಮಹಡಿ ಕಟ್ಟಲು ಬರುವುದಿಲ್ಲ ಎಂಬುದು ತಮಗೆ ಮೊದಲಿನಿಂದಲೂ ಗೊತ್ತಿತ್ತು ಎನ್ನುವ ಧಾಟಿಯಲ್ಲಿ ಕೆಮ್ಮಿದರು. ಹೋಗುವ ಮುಂಚೆ ಇವರನ್ನು ಪಕ್ಕಕ್ಕೆ ಕರೆದು, ತಮ್ಮ ಮನೆಯ ಹಿಂದೆಯೂ ಒಂದು ಶೆಡ್ ಹಾಕುವುದಿದೆ, ಜಂತೆಗೂ ಜಂತೆಗೂ ಎಷ್ಟು ಬಿಡಬೇಕು ಅಂತ ಮೆಲ್ಲಗೆ ಕೇಳಿದರು. ನಿಮ್ಮಲ್ಲಿ ಬೆಕ್ಕಿದೆಯೇ ಎಂದು ಇವರು ಕೇಳಿದ್ದು ನನಗೆ ಕೇಳಿಸಿತು.

ಹಿತ್ತಲಲ್ಲಿ ನಾವು ಮೂವರೇ ಉಳಿದೆವು. ಅತ್ತಿಗೆಯ ಸಿಟ್ಟು ಇಳಿದಿತ್ತು. ಸಿಟ್ಟು ಇಳಿದ ಮೇಲೆ ಅದರ ಕೆಳಗೆ ಏನಿತ್ತು ಅಂತ ಕಂಡಿತು. ತಮ್ಮನ ಕಿವಿ ಏನೇ ಹೇಳಲಿ, ಇಳಿಜಾರು ಸುಳ್ಳು ಹೇಳುವುದಿಲ್ಲ. ತನಗಲ್ಲ, ನಿಜವಾಗಿಯೂ ತನಗಲ್ಲ ಅಂತ ಗೊತ್ತಾದಾಗ ಅವರ ಮುಖ ಸ್ವಲ್ಪ ಸಣ್ಣದಾಯಿತು. ಬೇಡ ಬೇಡ ಎಂದು ಕೂಗಿಕೊಂಡು ಬಂದವರಿಗೂ, ಕೊಡಲು ಏನೂ ಇರಲಿಲ್ಲ ಎಂದರೆ ನೋವಾಗುತ್ತದೆ. ಅವರು ಸೆರಗು ಸರಿಮಾಡಿಕೊಂಡರು. "ಒಳ್ಳೇದಾಯ್ತು ಬಿಡು. ನಾನು ಬರ್ತೀನಿ" ಅಂದರು.

ಇವರನ್ನು ಅಲ್ಲೇ ಏಣಿಗೆ ಕಟ್ಟಿಹಾಕಬೇಕು ಅನ್ನುವಷ್ಟು ಕೋಪ ನನಗೆ. ಒಂದು ಲೋಟ ಚಹಾ ಕುಡಿಯದೆ ಹೋಗಬಾರದು ಅಂತ ಅತ್ತಿಗೆಯ ಕೈ ಹಿಡಿದು ಎಳೆದುಕೊಂಡೇ ಒಳಗೆ ಬಂದೆ. ಅಡುಗೆಮನೆಗೆ ಕರೆದೊಯ್ಯುವ ಬದಲು, ಅಭ್ಯಾಸಬಲದಿಂದ ಮುಂದಿನ ಕೋಣೆಯ ಬಾಗಿಲು ತಳ್ಳಿದೆ.

ಅಲ್ಲಿ ಏನೂ ಇರಲಿಲ್ಲ. ಇರುವುದೆಲ್ಲ ಚಾವಣಿಯ ಮೇಲಿದೆ ಅಂತ ನನಗೆ ಗೊತ್ತಿತ್ತು, ಆದರೂ ಆ ಕೋಣೆ ಅಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ. ಎರಡು ಕಿಟಕಿಗಳಿವೆ ಅನ್ನುವುದೇ ನನಗೆ ಮರೆತುಹೋಗಿತ್ತು. ನೆಲ ಒರೆಸಿತ್ತು. ನಾನು ಒರೆಸಿರಲಿಲ್ಲ.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಉದ್ದನೆಯ ಚೌಕ ಎಳೆದಿತ್ತು. ಉದ್ದ ಆರಡಿ ಚಿಲ್ಲರೆ, ಅಗಲ ಮೂರಡಿ. ಒಂದು ತುದಿ ಮಾತ್ರ ಗೋಡೆಗೆ ತಾಗಿತ್ತು, ಉಳಿದ ಮೂರು ಕಡೆ ಒಬ್ಬರು ಆರಾಮವಾಗಿ ಓಡಾಡುವಷ್ಟು ಜಾಗ. ಪಕ್ಕದಲ್ಲಿ ಒಂದು ಪುಟ್ಟ ಚೌಕ, ಸ್ಟೂಲಿನದು. ಗೆರೆಗಳನ್ನು ಅಳಿಸಿ ಮತ್ತೆ ಎಳೆದ ಗುರುತುಗಳಿದ್ದವು. ಒಂದು ಕಡೆ ಒಂದಿಂಚು ಸರಿಸಿದ್ದರು, ಬಾಗಿಲು ಪೂರ್ತಿ ತೆರೆಯಲಿ ಅಂತ.

ಅಷ್ಟು ದಿನದಿಂದ ಪಾತ್ರೆ ಕುಕ್ಕಿದ್ದೆಲ್ಲ ನೆನಪಾಗಿ ಕಣ್ಣು ಒದ್ದೆಯಾಯಿತು. ಸೈಕಲ್ಲಂತೆ ಸೈಕಲ್ಲು. ತಕ್ಕಡಿಗಳಿಗೆ ಹೊರಗೊಂದು ಸೂರಾಗಬೇಕಿತ್ತು, ಈ ಕೋಣೆ ತಾನಾಗಿಯೇ ಖಾಲಿಯಾದಂತೆ ಕಾಣಬೇಕಿತ್ತು, ಅಕ್ಕನಿಗೋಸ್ಕರ ಒಂದು ಕಡ್ಡಿ ಅಲುಗಾಡಿಸಿದೆ ಅಂತ ಯಾರ ಬಾಯಿಗೂ ಬರಬಾರದಿತ್ತು. ನನಗಾದರೂ ಹೇಳಬಹುದಿತ್ತಲ್ಲ?

ಹೇಳಲಾಗುತ್ತಿರಲಿಲ್ಲವಂತೆ. ಅವತ್ತೇ ಆಮೇಲೆ ಕೇಳಿದಾಗ ಹೇಳಿದರು, ನಿನ್ನ ಹೊಟ್ಟೆಯಲ್ಲಿದ್ದದ್ದೆಲ್ಲ ಮುಖದ ಮೇಲಿರುತ್ತೆ ಕಣೇ, ಅಕ್ಕ ಮುಖ ನೋಡಿಯೇ ಜ್ವರ ಹೇಳೋಳು.

ಅತ್ತಿಗೆ ಆ ಗೆರೆಗಳನ್ನೇ ನೋಡುತ್ತಾ ನಿಂತಿದ್ದರು. ನಿಧಾನವಾಗಿ ಚೌಕದ ಸುತ್ತ ನಡೆದರು, ಮೂರೂ ಕಡೆ, ಸೆರಗು ಎಲ್ಲೂ ತಾಗದಂತೆ. ವಾರ್ಡಿನಲ್ಲಿ ಮಂಚದಿಂದ ಮಂಚಕ್ಕೆ ಹೋಗುವಾಗ ಹೀಗೇ ನಡೆಯುತ್ತಿದ್ದರು ಅನ್ನಿಸುತ್ತದೆ. ಬಾಗಿಲಲ್ಲಿ ಇವರು ಬಂದು ನಿಂತಿದ್ದರು, ಒಳಗೆ ಕಾಲಿಡದೆ, ಹಗ್ಗದ ತುಂಡೊಂದನ್ನು ಕೈಯಲ್ಲಿ ಸುತ್ತುತ್ತಾ. ಕಿವಿ ಕೆಂಪಗಿರಲಿಲ್ಲ.

ಅತ್ತಿಗೆ ಕಿಟಕಿಯ ಕಡೆ ತಿರುಗಿದರು, ಗೆರೆಯ ಕಡೆ ತಿರುಗಿದರು.

"ಮಂಚದ ತಲೆ ಈ ಕಡೆ ಬೇಡ" ಅಂದರು. "ಬೆಳಗ್ಗೆ ಬಿಸಿಲು ನೇರ ಕಣ್ಣಿಗೆ ಬೀಳುತ್ತೆ. ಆ ಕಡೆ ತಿರುಗಿಸು."

ಇವರು ಜೇಬಿನಿಂದ ಸೀಮೆಸುಣ್ಣ ತೆಗೆದು, ಮಂಡಿಯೂರಿ ಕೂತು, ಹಳೆಯ ಗೆರೆಯನ್ನು ಅಂಗೈಯಿಂದ ಒರೆಸತೊಡಗಿದರು. ಅಕ್ಕ ಮೇಲೆ ನಿಂತು ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅನ್ನುತ್ತಿದ್ದರು. ನಾನು ಚಹಾ ಇಡಲು ಹೋದೆ. ಸಕ್ಕರೆ ಎಷ್ಟು ಹಾಕಿದೆನೋ ನನಗೇ ಗೊತ್ತಿಲ್ಲ.

ಅತ್ತಿಗೆ ಬಂದು ಈಗ ವರ್ಷದ ಮೇಲಾಯಿತು. ತಕ್ಕಡಿಗಳೆಲ್ಲ ಶೆಡ್ಡಿನೊಳಗೆ ಸುಖವಾಗಿವೆ. ಸೈಕಲ್ಲಿಗೆ ಅಲ್ಲಿ ಜಾಗ ಸಾಲದೆ ಅದು ಮೊದಲಿನಂತೆಯೇ ಗೋಡೆಗೆ ಒರಗಿ ನೆನೆಯುತ್ತದೆ. ಆ ಚಾವಣಿಯ ಮೇಲೆ ಕಂಬಳಿ ಹಾಕುವ ಗೋಜಿಗೆ ನಾನು ಹೋಗಿಲ್ಲ, ಮೇಷ್ಟ್ರ ಮರವೂ ಬಿದ್ದಿಲ್ಲ, ಬೆಕ್ಕಂತೂ ತೂಗಿದ ಅವಮಾನಕ್ಕೆ ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಮೊನ್ನೆ ಜೋರು ಗಾಳಿಮಳೆ. ಬೀದಿಯಲ್ಲಿ ಯಾರ ಯಾರದೋ ತಗಡು ಹಾರಿತು. ನಮ್ಮ ಶೆಡ್ಡು ಮಿಸುಕಲಿಲ್ಲ. ಕಿಟಕಿಯಲ್ಲಿ ನಿಂತು ಅದನ್ನೇ ನೋಡುತ್ತಿದ್ದ ಇವರನ್ನು, ಇಷ್ಟು ದಿನ ಕೇಳದೆ ಉಳಿದಿದ್ದನ್ನು ಕೇಳಿದೆ. ಅಲ್ಲ, ಶೆಡ್ ಬೇಕಿತ್ತು, ಸರಿ. ಎರಡಡಿಗೊಂದು ಮರ ಹಾಕಿದ್ದರೆ ಆಗುತ್ತಿತ್ತಲ್ಲ, ಅಷ್ಟು ದಪ್ಪ, ಅಷ್ಟು ಒತ್ತೊತ್ತಾಗಿ ಯಾಕೆ?

ಇವರು ಮುಂದಿನ ಕೋಣೆಯ ಕಡೆ ಒಮ್ಮೆ ನೋಡಿದರು. ಅಲ್ಲಿ ಅತ್ತಿಗೆ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

"ಶೆಡ್ ಕುಸಿದಿದ್ರೆ ತಕ್ಕಡಿಗಳನ್ನ ಮತ್ತೆ ಎಲ್ಲಿ ತಂದಿಡಬೇಕಿತ್ತು ಹೇಳು" ಅಂದರು. "ಆಗ ಅಕ್ಕ ಮತ್ತೆ ಚೀಲ ಎತ್ಕೊಳ್ತಿದ್ಲು."